ಒಂಬತ್ತು ಹಿಡಿ ಬೂದಿ

ನಮ್ಮೂರಿನಲ್ಲಿ ಯಾರೂ ತಮ್ಮ ಭಂಗಿ ಗಿಡಕ್ಕೆ ತಾವೇ ನೀರು ಹಾಕುವುದಿಲ್ಲ. ಹಾಕಿದರೆ ಮೂರನೆಯ ದಿನಕ್ಕೆ ಗಿಡ ಬಾಡಿ ಬಾಗುತ್ತದೆ, ಐದನೆಯ ದಿನಕ್ಕೆ ಒಣಗಿ ಕಡ್ಡಿಯಾಗುತ್ತದೆ. ಬುಡದ ಮಣ್ಣು ಮುಟ್ಟಿದರೂ ಅಷ್ಟೇ. ಕುಂಡವನ್ನು ಎತ್ತಿ ಬಿಸಿಲಿಗಿಡಬಹುದು, ನೆರಳಿಗಿಡಬಹುದು, ಎದುರು ಕೂತು ದಿನವಿಡೀ ನೋಡಬಹುದು. ಅದಕ್ಕಿಂತ ಹೆಚ್ಚಿನ ಅಧಿಕಾರ ಮನೆಯವರಿಗಿಲ್ಲ. ಹಾಗಾಗಿ ಊರಿನ ಮನೆಗಳೆಲ್ಲ ಜೋಡಿ ಜೋಡಿ. ಅವರ ಕುಂಡಕ್ಕೆ ಇವರು, ಇವರ ಕುಂಡಕ್ಕೆ ಅವರು. ನಮ್ಮ ಕುಂಡ ನೋಡಿಕೊಳ್ಳುವವರನ್ನು ನಾವು ‘ನಮ್ಮ ಕೈಯವರು’ ಎನ್ನುತ್ತೇವೆ. ಬಾಡಿಗೆ ಮನೆ ಹುಡುಕಿಕೊಂಡು ಬಂದವರು ನಲ್ಲಿಯಲ್ಲಿ ನೀರು ಬರುತ್ತದೋ ಇಲ್ಲವೋ ಎಂದು ಕೇಳುವ ಮೊದಲು ಈ ಮನೆಗೆ ಕೈಯವರು ಎಂಥವರು ಎಂದು ಕೇಳುತ್ತಾರೆ. ಜೋಡಿ ಮನೆಯವರ ನಡುವೆ ಜಗಳ ಹುಟ್ಟಿದರೆ ಗಿಡ ಕೊಯ್ದ ಮೇಲೆ ಆಡೋಣ ಎಂದು ಎತ್ತಿಡುತ್ತಾರೆ. ಆ ಹೊತ್ತಿಗೆ ಅರ್ಧ ಜಗಳ ಮರೆತುಹೋಗಿರುತ್ತದೆ.

ಮನೆಗೊಂದೇ ಕುಂಡ. ಕಾರ್ತಿಕದಲ್ಲಿ ಹೂವು ಕೊಯ್ದು ಎಳ್ಳೆಣ್ಣೆಯಲ್ಲಿ ಕಾಸಿ ಬಾಟಲಿಗೆ ತುಂಬಿಟ್ಟರೆ ವರ್ಷವಿಡೀ ಕೀಲುನೋವು, ಬೆನ್ನುನೋವು, ನರದ ಉರಿ ಎಲ್ಲಕ್ಕೂ ಅದೇ. ಒಂದು ಮನೆಯ ಎಣ್ಣೆ ಇನ್ನೊಂದು ಮನೆಯವರ ಮೈಗೆ ಹತ್ತುವುದಿಲ್ಲ. ಹಚ್ಚಿಕೊಂಡರೆ ಬರೀ ಎಳ್ಳೆಣ್ಣೆ ಹಚ್ಚಿಕೊಂಡಷ್ಟೇ ಫಲ. ಇದು ಗೊತ್ತಿರುವುದರಿಂದ ಯಾರೂ ಎರವಲು ಕೇಳುವುದಿಲ್ಲ.

ನಾನು ಸಂಗನಬಸಪ್ಪ. ಮೂವತ್ತೊಂದು ವರ್ಷ ದವಾಖಾನೆಯಲ್ಲಿ ಕಂಪೌಂಡರನಾಗಿದ್ದೆ. ನಿವೃತ್ತಿಯ ದಿನ ಹಾಕಿದ ಹಾರ ಮರುದಿನ ಬಾಡಿತು. ನನಗೆ ತಿಳಿಯದ ಮದ್ದಿಲ್ಲ ಎಂಬ ಅಹಂಕಾರ ಮಾತ್ರ ಇನ್ನೂ ಬಾಡಿಲ್ಲ. ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲಿ. ನನ್ನ ಹೆಂಡತಿ ಕಾಶವ್ವ ಇದಕ್ಕೆಲ್ಲ ವಿರುದ್ಧ. ಓಣಿಯಲ್ಲಿ ಯಾರಿಗೆ ಹೆರಿಗೆ ನೋವು ಬಂದರೂ, ಯಾರ ಮಗುವಿಗೆ ಜ್ವರ ಏರಿದರೂ ಅಲ್ಲಿ ಹೋಗಿ ಕೂತಿರುತ್ತಿದ್ದಳು. ಏನು ಮಾಡುತ್ತಿದ್ದಳು ಎಂದರೆ ಏನೂ ಇಲ್ಲ, ಸುಮ್ಮನೆ ಕೂತಿರುತ್ತಿದ್ದಳು. ಮದ್ದು ಕೊಡುತ್ತಿದ್ದವನು ನಾನು, ಜನ ನೆನೆಯುತ್ತಿದ್ದುದು ಅವಳನ್ನು. ಇದರ ಬಗ್ಗೆ ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಇತ್ತು.

ಈ ವರ್ಷ ಯುಗಾದಿಯ ಹೊತ್ತಿಗೆ ಅವಳಿಗೆ ಸರ್ಪಸುತ್ತು ಎದ್ದಿತು. ಎಡ ಪಕ್ಕೆಯ ಸುತ್ತ ಬೊಬ್ಬೆ. ಬೊಬ್ಬೆ ಹದಿನೈದು ದಿನಕ್ಕೆ ಒಣಗಿದವು, ನೋವು ಅಲ್ಲೇ ಉಳಿಯಿತು. ಗಾಳಿ ಬೀಸಿದರೆ ಉರಿ, ಸೆರಗು ತಾಕಿದರೆ ಉರಿ. ಡಾಕ್ಟರು ಕೊಟ್ಟ ಗುಳಿಗೆಗೆ ತಲೆ ಸುತ್ತು ಬಂತೇ ಹೊರತು ನೋವು ಜಗ್ಗಲಿಲ್ಲ. ಹೋದ ವರ್ಷದ ಎಣ್ಣೆ ಬಾಟಲಿಯಲ್ಲಿತ್ತು, ಆದರೆ ಹಳೆಯದು, ಶಕ್ತಿ ಇಳಿದದ್ದು. ಹಚ್ಚಿದರೆ ಸೀರೆ ತಾಕುವುದನ್ನು ತಡೆದುಕೊಳ್ಳುವಷ್ಟು ಆಗುತ್ತಿತ್ತು, ಅಷ್ಟೇ. ಶ್ರಾವಣ ಬರುವಷ್ಟರಲ್ಲಿ ಅದೂ ನಾಲ್ಕು ಬೆರಳಿನಷ್ಟಕ್ಕೆ ಇಳಿದಿತ್ತು. ಈ ವರ್ಷದ ಗಿಡ ಚೆನ್ನಾಗಿ ಹೂ ಬಿಟ್ಟರೆ ಉಂಟು, ಇಲ್ಲವಾದರೆ ಮುಂದಿನ ಕಾರ್ತಿಕದವರೆಗೆ ಆ ಹೆಂಗಸು ಹೀಗೇ ಹಲ್ಲು ಕಚ್ಚಿಕೊಂಡು ಇರಬೇಕಿತ್ತು.

ನಮ್ಮ ಕೈಯವಳು ಎದುರುಮನೆಯ ಮಾಬೂಬಿ. ಗಂಡ ತೀರಿಕೊಂಡ ಮೇಲೆ ಚುರುಮುರಿ ಭಟ್ಟಿಯನ್ನು ಒಬ್ಬಳೇ ನಡೆಸುತ್ತಾಳೆ. ಕಾದ ಉಸುಕಿನಲ್ಲಿ ಅಕ್ಕಿ ಹುರಿದು, ಜರಡಿ ಹಿಡಿದು ಹಿಡಿದು ಅವಳ ಭುಜ ಸವೆದುಹೋಗಿದೆ. ಅವಳ ಕುಂಡ ಅವಳ ಹಿತ್ತಲಲ್ಲಿ. ದಿನಾ ಅದಕ್ಕೆ ನೀರು ಹಾಕುವವನು ನಾನು. ನಮ್ಮ ಕುಂಡ ನಮ್ಮ ಮನೆಯ ಮುಂದಿನ ಕಟ್ಟೆಯ ಮೇಲೆ, ಓಣಿಗೆಲ್ಲ ಕಾಣುವಂತೆ.

ಶ್ರಾವಣದ ಎರಡನೆಯ ವಾರ ನಮ್ಮ ಗಿಡದ ಎಲೆ ಹಳದಿಗೆ ತಿರುಗಿತು. ನರ ಮಾತ್ರ ಹಸಿರು, ನಡುವೆಲ್ಲ ಹಳದಿ. ಮಾಬೂಬಿ ಗಾಬರಿಯಾಗಿ ಶೇಂಗಾ ಹಿಂಡಿ ನೆನೆಸಿದ ನೀರನ್ನು ಇನ್ನೊಂದು ತಂಬಿಗೆ ಹೆಚ್ಚಿಗೆ ಹಾಕಿದಳು. ಇನ್ನೂ ಹಳದಿಯಾಯಿತು. ನಿವೃತ್ತಿಯ ದಿನ ದವಾಖಾನೆಯಿಂದ ಬರುವಾಗ ನಾನು ಲಿಟ್ಮಸ್ ಕಾಗದದ ಒಂದು ಪೊಟ್ಟಣವನ್ನು ಯಾರಿಗೂ ಹೇಳದೆ ಜೇಬಿಗೆ ಹಾಕಿಕೊಂಡು ಬಂದಿದ್ದೆ. ಕುಂಡದ ಮಣ್ಣು ಮುಟ್ಟುವಂತಿಲ್ಲ ನಿಜ, ಆದರೆ ಕುಂಡದ ಕೆಳಗಿನ ತೂತಿನಿಂದ ಹೊರಬಿದ್ದ ನೀರು ಯಾರ ಸ್ವತ್ತೂ ಅಲ್ಲ. ತಟ್ಟೆಯಲ್ಲಿ ಹಿಡಿದು ನೀಲಿ ಕಾಗದ ಅದ್ದಿದೆ. ಕೆಂಪಾಯಿತು.

“ಹುಳಿ ಹಿಡದೈತಿ,” ಎಂದೆ, ಡಾಕ್ಟರು ಹೇಳುವ ಧಾಟಿಯಲ್ಲಿ. “ಹಿಂಡಿ ನೀರು ಅತೀ ಆತು. ಹೊಲದಾಗಾದ್ರ ಹುಳಿ ಎತ್ತಾಗರ ಇಳದ ಹೊಕ್ಕೈತಿ. ಕುಂಡದಾಗಿನ ಮಣ್ಣು ಎಲ್ಲಿಗೆ ಹೋಗಬೇಕ? ಮಣ್ಣು ಹುಳಿ ಆದ್ರ ಬೇರಿಗೆ ಬಾಯಿ ಕಟ್ಟತೈತಿ, ಎಷ್ಟ ತಿನ್ನಾಕ ಕೊಟ್ಟರೂ ನುಂಗೂದಿಲ್ಲ.”

“ಮತ್ತ ಏನ ಮಾಡ್ಲಿ ಕಂಪೌಂಡರ್ರ?” ಎಂದಳು ಮಾಬೂಬಿ.

“ಹಿಂಡಿ ನಿಲ್ಲಿಸು. ಒಂದ ಹಿಡಿ ಕಟ್ಟಿಗಿ ಬೂದಿ ಮ್ಯಾಲ ಉದರಿಸಿ ನೀರ ಹಾಕು. ಒಂದ ಹಿಡಿ, ತಿಳೀತ?”

ಭಟ್ಟಿಯವಳ ಮನೆಯಲ್ಲಿ ಬೂದಿಗೇನು ಬರ? ಅವಳು ಅಳೆದು ಒಂದೇ ಹಿಡಿ ಹಾಕಿದಳು. ಅಲ್ಲಿಗೆ ನಾನು ಬಾಯಿ ಮುಚ್ಚಿಕೊಂಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಅಂದು ಮಧ್ಯಾಹ್ನ ಹಿಟ್ಟಿನ ಗಿರಣಿಯಲ್ಲಿ ಪಾಳಿ ಹಚ್ಚಿ ನಿಂತಾಗ ಬಂದವರಿಗೆಲ್ಲ ನನ್ನ ಶಾಣ್ಯಾತನ ಹಂಚಿದೆ. ಕಾಶವ್ವನ ಕುಂಡ ಹುಳಿ ಹಿಡಿದಿದೆ, ಅದಕ್ಕೆ ಬೂದಿಯೇ ಮದ್ದು, ನಾನು ಕಾಗದ ಅದ್ದಿ ಕಂಡುಹಿಡಿದೆ, ಎಂದು. ಗೋಧಿ ಬೀಸಿ ಮುಗಿಯುವಷ್ಟರಲ್ಲಿ ನಾಲ್ಕು ಸಲ ಹೇಳಿದ್ದೆ.

ಹತ್ತು ದಿನದಲ್ಲಿ ಗಿಡ ಸುಧಾರಿಸಬೇಕಿತ್ತು. ಬದಲಿಗೆ ಎಲೆಯ ಅಂಚು ಸುಟ್ಟು ಕಂದು ಬಣ್ಣಕ್ಕೆ ಬಂತು, ತುದಿಯ ಚಿಗುರು ಬೆಳ್ಳಗಾಗಿ ನಿಂತುಬಿಟ್ಟಿತು. ತಟ್ಟೆಯ ನೀರಿಗೆ ಈ ಸಲ ಕೆಂಪು ಕಾಗದ ಅದ್ದಿದೆ. ನೋಡನೋಡುತ್ತಲೇ ಕಡುನೀಲಿ. ಹುಳಿ ಹೋಗಿ ಸವಳು, ಅಂದರೆ ಕ್ಷಾರ, ಬಂದಿತ್ತು, ಅದೂ ಸುಣ್ಣದ ತಿಳಿಯಷ್ಟು ಸವಳು. ಒಳಗೆ ಕಾಶವ್ವ ಎಣ್ಣೆಯ ಬಾಟಲಿಯನ್ನು ಬೋರಲು ಹಾಕಿ ಅಂಗೈಗೆ ಹನಿ ಇಳಿಸಿಕೊಳ್ಳುತ್ತಿದ್ದಳು. ನನಗೆ ತಲೆ ಕೆಟ್ಟುಹೋಯಿತು. ನೀರು ಹಾಕಲು ಬಂದ ಮಾಬೂಬಿಯ ಮೇಲೆ ಹಾರಿಬಿದ್ದೆ.

“ಎಷ್ಟ ಬೂದಿ ಸುರಿದಿ?”

“ಒಂದ ಹಿಡಿ ರೀ. ನೀವ ಹೇಳಿದಷ್ಟ.”

“ಒಂದ ಹಿಡಿಗೆ ಕಾಗದ ಹಿಂಗ ನೀಲಿ ಆಗತೈತೇನ? ನಾ ಮೂವತ್ತ ವರ್ಷ ಔಷಧಿ ಅಳದಾಂವ. ನನಗ ಸುಳ್ಳ ಹೇಳಬ್ಯಾಡ. ಭಟ್ಟಿ ಬಳದ ಬೂದಿ ಎಲ್ಲೆ ಚೆಲ್ಲೂದಂತ ನನ್ನ ಕುಂಡಕ್ಕ ಸುರಿದಿ. ನಿನ್ನ ಭುಜಕ್ಕ ಎಣ್ಣಿ ಐತಿ, ಈಕಿ ಪಕ್ಕಿ ಉರದರ ನಿನಗೇನ?”

ಇಷ್ಟು ಅನ್ನಬಾರದಿತ್ತು. ಮಾಬೂಬಿ ಏನೋ ಹೇಳಲು ಬಾಯಿ ತೆರೆದಳು, ಕಟ್ಟೆಯನ್ನೊಮ್ಮೆ, ಓಣಿಯನ್ನೊಮ್ಮೆ ನೋಡಿದಳು, ಸುಮ್ಮನಾದಳು. ತಂಬಿಗೆಯಲ್ಲಿದ್ದ ನೀರನ್ನು ನಿಧಾನವಾಗಿ ಗಿಡಕ್ಕೆ ಹಾಕಿ ಹೊರಟುಹೋದಳು. ಸುಮ್ಮನಾದವರನ್ನು ಕಂಡರೆ ನನಗೆ ಸಿಟ್ಟು ಇಮ್ಮಡಿಯಾಗುತ್ತದೆ. ಅಂದಿನಿಂದ ನಾನು ಅವಳ ಹಿತ್ತಲಿಗೆ ಹೋಗಲಿಲ್ಲ. ಒಂದು ದಿನ, ಎರಡು ದಿನ ಎನ್ನುತ್ತ ಆರು ದಿನವಾಯಿತು. ಅವಳ ಕುಂಡ ಒಣಗುತ್ತಿರುತ್ತದೆ ಎಂದು ಗೊತ್ತಿತ್ತು. ಒಣಗಲಿ, ಅವಳಿಗೂ ತಿಳಿಯಲಿ ಎಂದುಕೊಂಡೆ. ಈಗ ಬರೆಯಲು ನಾಚಿಕೆಯಾಗುತ್ತದೆ, ಆದರೆ ಹಾಗೇ ಅಂದುಕೊಂಡದ್ದು ನಿಜ. ಅವಳು ಮಾತ್ರ ದಿನಾ ಬೆಳಗ್ಗೆ ಬಂದು ನಮ್ಮ ಗಿಡಕ್ಕೆ ನೀರು ಹಾಕಿ, ನನ್ನ ಮುಖ ನೋಡದೆ ಹೋಗುತ್ತಿದ್ದಳು.

ಏಳನೆಯ ಬೆಳಗ್ಗೆ ಎಣ್ಣೆ ಮುಗಿಯಿತು. ಕಾಶವ್ವ ಖಾಲಿ ಬಾಟಲಿಯನ್ನು ತೊಳೆದು ಗೂಡಿನಲ್ಲಿಟ್ಟು, “ಇರ್ಲಿ ಬಿಡ್ರಿ,” ಎಂದಳು. ಆ ‘ಇರ್ಲಿ ಬಿಡ್ರಿ’ ಕೇಳಿ ನನಗೆ ತಡೆಯಲಾಗಲಿಲ್ಲ. ಹೊರಗೆ ಬಂದು ಕುಂಡವನ್ನು ಎರಡೂ ಕೈಯಲ್ಲಿ ಎತ್ತಿ ಓಣಿಯ ನಟ್ಟನಡುವೆ ಇಟ್ಟುಬಿಟ್ಟೆ. ನಮ್ಮೂರಿನಲ್ಲಿ ಹಾಗೆ ಇಟ್ಟರೆ, ನನಗೆ ಈ ಕೈಯವರು ಬೇಡ, ಬೇರೆ ಯಾರಾದರೂ ಬನ್ನಿ ಎಂದು ಡಂಗುರ ಸಾರಿದಂತೆ. ಅರವತ್ತಮೂರು ವರ್ಷದಲ್ಲಿ ಹಾಗೆ ಮಾಡಿದವರನ್ನು ನಾನು ಒಮ್ಮೆ ಮಾತ್ರ ನೋಡಿದ್ದೆ. ಆ ಎರಡು ಮನೆಗಳ ಮೊಮ್ಮಕ್ಕಳೂ ಇಂದಿಗೂ ಮಾತಾಡುವುದಿಲ್ಲ.

ಮೊದಲು ಬಂದವಳು ಹೂ ಮಾರುವ ತಿಪ್ಪವ್ವ. ಬುಟ್ಟಿ ಕೆಳಗಿಟ್ಟು ಕುಂಡ ನೋಡಿದಳು, ನನ್ನನ್ನು ನೋಡಿದಳು, ಅಳಲು ಶುರುಮಾಡಿದಳು.

“ನನಗ ಬೈರಿ ಕಂಪೌಂಡರ್ರ. ಮಾಬೂಬಿನ್ನ ಬೀದಿಗೆ ತರಬ್ಯಾಡ್ರಿ. ಬೂದಿ ಹಾಕಿದಾಕಿ ನಾನು.”

“ನೀನಾ? ನೀ ಯಾಕ ಹಾಕಿದಿ?”

“ಹುಳಿ ಆಗೈತಿ ಅಂತ ಗಿರಣ್ಯಾಗ ನೀವ ಅಂದಿದ್ರೆಲಾ. ನನ್ನ ಮಗಳ ಹಡಿಯೂ ಮುಂದ ಕಾಶಕ್ಕ ಎರಡ ದಿನ ಕುಂತಿದ್ಲು. ಅಕಿ ಕುಂಡಕ್ಕ ನಂದೂ ಒಂದ ಹಿಡಿ ಇರ್ಲಿ ಅಂತ ಹೂವಿನ ಬುಟ್ಟ್ಯಾಗ ಮುಚ್ಚಿಟಗೊಂಡ ಬಂದ ಹಾಕಿದೆ. ಮಾಬೂಬಿಗೆ ಹೇಳಿದ್ರ ಅಕಿಗೆ ಬ್ಯಾಸರ ಆದೀತಂತ ಹೇಳ್ಲಿಲ್ಲ.”

ಅವಳ ಮಾತು ಮುಗಿಯುವ ಮೊದಲೇ ಮೂಲೆಮನೆಯ ಮುದುಕಿ ಬಾಗಿಲಲ್ಲಿ ನಿಂತು, “ಹಂಗಾರ ನಂದೂ ಒಂದೈತಿ,” ಎಂದಳು. ಗಿರಣಿಯವನ ಹೆಂಡತಿ ಎರಡು ಹಿಡಿ ಎಂದಳು; ಮೊದಲನೆಯದು ತನ್ನದು, ಎರಡನೆಯದು ಊರಿಗೆ ಹೋಗಿರುವ ಅತ್ತೆಯ ಹೆಸರಿನಲ್ಲಿ. ಮತ್ತೆ ನಾಲ್ಕು ಮನೆಯವರು ಒಬ್ಬೊಬ್ಬರಾಗಿ ಬಂದು ಒಂದೊಂದು ಹಿಡಿ ಒಪ್ಪಿಕೊಂಡರು. ಕೊನೆಗೆ ಗುರುನಾಥ ಮಾಸ್ತರರು, ಇಡೀ ಓಣಿಗೆ ಅಕ್ಷರ ಕಲಿಸಿದವರು, ತಲೆ ತಗ್ಗಿಸಿಕೊಂಡು ಬಂದು, “ಬೂದಿ ಅಲ್ಲ, ನಂದು ಸುಣ್ಣ. ಎಲಿ ಅಡಿಕಿ ಡಬ್ಬ್ಯಾಗಿಂದ ಒಂದ ಚಮಚ,” ಎಂದರು. ಅವರು ವರ್ಷಗಟ್ಟಲೆ ಮಕ್ಕಳಿಂದ ತಪ್ಪು ಒಪ್ಪಿಸಿದವರು. ತಮ್ಮ ಪಾಳಿ ಬಂದಾಗ ಅವರ ದನಿ ಒಂದನೆಯ ಇಯತ್ತೆಯ ಮಗುವಿನ ಹಾಗೆ ಸಣ್ಣಗಾಯಿತು.

ಓಣಿಯವರದು ಎಂಟು ಹಿಡಿ, ಮಾಬೂಬಿಯದು ಒಂದು, ಮೇಲೆ ಮಾಸ್ತರರ ಸುಣ್ಣ. ಇಷ್ಟನ್ನೂ ಒಂದು ಗೇಣಗಲದ ಕುಂಡಕ್ಕೆ ಸುರಿದರೆ ಭಂಗಿಯಿರಲಿ, ಕಳ್ಳಿಯೂ ಬದುಕುವುದಿಲ್ಲ. ನನಗೆ ನಗು ಬಂತು, ಅಳು ಬಂತು, ಎಲ್ಲಕ್ಕಿಂತ ಹೆಚ್ಚಾಗಿ ನನ್ನ ಬಾಯಿಯ ಮೇಲೆ ನನಗೇ ಹೇಸಿಗೆಯಾಯಿತು. ಗಿರಣಿಯಲ್ಲಿ ಊರಿಗೆಲ್ಲ ಮದ್ದು ಹೇಳಿದವನು ನಾನು. ಅಳತೆ ಹೇಳಿದ್ದು ಒಬ್ಬಳಿಗೆ ಮಾತ್ರ, ಆ ಒಬ್ಬಳು ಅಳತೆ ತಪ್ಪಿರಲಿಲ್ಲ.

ಓಣಿ ದಾಟಿ ಮಾಬೂಬಿಯ ಮನೆಗೆ ಹೋದೆ. ಹತ್ತು ಹೆಜ್ಜೆಯ ದಾರಿ. ಅವಳು ಭಟ್ಟಿಯ ಮುಂದಿದ್ದಳು. ನಾನು ಮಾತಾಡದೆ ನೇರವಾಗಿ ಹಿತ್ತಲಿಗೆ ನಡೆದೆ. ಆರು ದಿನ ನೀರಿಲ್ಲದ ಗಿಡದ ಮುಂದೆ ನಿಂತು ಕ್ಷಮೆ ಕೇಳುವುದು, ಉಳಿದಿದ್ದರೆ ಉಳಿಸುವುದು, ಅಷ್ಟೇ ತಲೆಯಲ್ಲಿತ್ತು. ಹೋಗಿ ನೋಡಿದರೆ ಗಿಡ ಹಸಿರಾಗಿ ನಿಂತಿದೆ. ಕುಂಡದ ಮಣ್ಣು ಒದ್ದೆ. ಪಕ್ಕದಲ್ಲಿ ನಮ್ಮ ಮನೆಯ ಸಣ್ಣ ಹಿತ್ತಾಳೆ ಲೋಟ.

“ಕಾಶಕ್ಕ ಬರತಾಳ,” ಎಂದಳು ಮಾಬೂಬಿ, ಹಿಂದೆ ಬಂದು ನಿಂತು. “ನೀವ ಪೇಟಿಗೆ ಹೋದ ಮ್ಯಾಲ. ತಂಬಿಗಿ ಎತ್ತಾಕ ಆಗೂದಿಲ್ಲ ಅಕಿಗೆ, ಪಕ್ಕಿ ಜಗ್ಗತೈತಿ. ಅದಕ್ಕ ಲೋಟ ತಗೊಂಡ ಐದ ಸಲ ನಲ್ಲಿಗೆ ಹೋಗಿ ಬರತಾಳ. ಬ್ಯಾಡ ಅಂದ್ರ ಕೇಳೂದಿಲ್ಲ. ನಮ್ಮ ಮನಿ ಕೈ ಒಣಗಬಾರದು ಅಂತಾಳ.”

ಸೆರಗು ತಾಕಿದರೆ ಉರಿಯುವ ಹೆಂಗಸು, ಗಂಡನ ಸಿಟ್ಟಿಗೆ ಇನ್ನೊಬ್ಬರ ಗಿಡ ಸಾಯಬಾರದೆಂದು ಲೋಟ ಲೋಟ ನೀರು ಹೊತ್ತಿದ್ದಳು. ನನ್ನ ಮುಂದೆ ಒಂದು ಮಾತೂ ಆಡಿರಲಿಲ್ಲ. ನಾನು ಅಲ್ಲೇ ಹಿತ್ತಲ ಕಲ್ಲಿನ ಮೇಲೆ ಕೂತು ಅತ್ತೆ. ಅತ್ತದ್ದು ದುಃಖಕ್ಕಲ್ಲ. ಇಂಥವಳ ಜೊತೆ ನಲವತ್ತು ವರ್ಷ ಬದುಕಲು ಸಿಕ್ಕಿತಲ್ಲ ಎಂಬುದು ಆಗ ಮನಸ್ಸಿಗೆ ಹೊಳೆಯಿತು.

“ಬ್ಯಾರೇದವ್ರ ಬೂದಿ ಹಾಕೂದು ನಿನಗ ಗೊತ್ತಿತ್ತೇನ?” ಎಂದು ಕೇಳಿದೆ.

“ಗೊತ್ತಿರ್ಲಾರದ? ನನ್ನ ಭಟ್ಟಿ ಬೂದಿ ಬೆಳ್ಳಗ, ಅವ್ರದು ಕರ್ರಗ. ಕಂಡಷ್ಟ ಬಳದ ತಗದೀನಿ. ಹೆಸರ ಹೇಳಿದ್ರ ನೀವ ಅವರಿಗೂ ಬೈತಿದ್ರಿ. ಬೈಸಿಕೊಂಡವ್ರು ಮತ್ತ ಯಾರಿಗೂ ಏನೂ ಕೊಡಾಕ ಹೆದರ್ತಾರ.”

“ತಪ್ಪ ನಂದು, ಮಾಬೂಬಿ. ನನಗ ನೀನ ಕೈ ಆಗಬೇಕ. ಬಾ.”

ಅವಳು ಬಂದಳು. ಬಂದವಳು ಎಲ್ಲರ ಎದುರಿಗೆ ಕುಂಡವನ್ನು ತಾನೇ ಎತ್ತಿ ಕಟ್ಟೆಯ ಮೇಲಿಟ್ಟಳು. ನನಗೆ ಮತ್ತೆ ಕಂಪೌಂಡರಿಕೆ ಏರಿತು. ಸವಳಿಗೆ ಹುಳಿಯೇ ಮದ್ದು, ಹುಣಸೆ ನೀರು ಗಟ್ಟಿಯಾಗಿ ಹಾಕು, ಇಲ್ಲವೇ ನಿಂಬೆಹಣ್ಣು ಹಿಂಡು ಎಂದೆ.

“ಮೊದಲ ಬೂದಿ ಅಂದ್ರಿ, ಈಗ ಹುಳಿ ಅಂತೀರಿ. ಗಿಡ ಏನ ನಿಮ್ಮ ಔಷಧಿ ಬಾಟ್ಲಿ ಏನ್ರಿ, ಹಿಂಗೊಮ್ಮೆ ಹಂಗೊಮ್ಮೆ ಅಲ್ಲಾಡಸಾಕ?” ಎಂದಳು. ಓಣಿಯ ಹೆಂಗಸರೆಲ್ಲ ನಕ್ಕರು. ಕಾಶವ್ವನೂ ಬಾಗಿಲಲ್ಲಿ ಪಕ್ಕೆ ಹಿಡಿದುಕೊಂಡು ನಕ್ಕಳು.

ನಮ್ಮ ಬೋರಿನ ನೀರು ಗಡಸು, ಕೊಡದ ಒಳಗೆಲ್ಲ ಬಿಳಿ ಪದರ ಕಟ್ಟುತ್ತದೆ. ಆ ನೀರನ್ನೇ ಹಾಕುತ್ತಿದ್ದರೆ ಸವಳು ಇಳಿಯುವುದು ಅಷ್ಟರಲ್ಲೇ ಇತ್ತು. ಮಾಬೂಬಿ ತನ್ನ ತಗಡಿನ ಮಾಡಿನಿಂದ ಇಳಿದ ಮಳೆನೀರನ್ನು ಪೀಪಾಯಿಯಲ್ಲಿ ತುಂಬಿಸಿಟ್ಟಿದ್ದಳು. ಮೇಲಿನ ಬೂದಿ ಬೆರೆತ ಮಣ್ಣನ್ನು ಎರಡು ಬೆರಳಿನಷ್ಟು ಕೆರೆದು ತೆಗೆದಳು. ಆಮೇಲೆ ಕುಂಡದ ಮೂರರಷ್ಟು ಮಳೆನೀರನ್ನು ತಂಬಿಗೆಯಿಂದ ಸಣ್ಣಗೆ ಬಿಡುತ್ತ ಹೋದಳು. ಕೆಳಗಿನಿಂದ ಮೊದಲು ಬಂದದ್ದು ಬೂದುಬಣ್ಣದ ನೀರು, ಆಮೇಲೆ ಕಲಗಚ್ಚಿನಂಥದ್ದು, ಕೊನೆಗೆ ತಿಳಿ. ನನ್ನ ಕೆಲಸ ತಟ್ಟೆಗೆ ಕಾಗದ ಅದ್ದಿ ಬಣ್ಣ ಹೇಳುವುದು ಮಾತ್ರ. ಕಡುನೀಲಿ ತಿಳಿನೀಲಿಯಾಯಿತು. ಅಷ್ಟಕ್ಕೇ ನಿಲ್ಲಿಸಿದಳು. ಒಂದೇ ದಿನ ಪೂರ್ತಿ ಇಳಿಸಿದರೆ ಬೇರು ಕಂಗಾಲಾಗುತ್ತದೆ ಎಂದು ಮಣ್ಣು ಆರುವವರೆಗೆ ಬಿಟ್ಟು, ಐದು ದಿನದ ಮೇಲೆ ಇನ್ನೊಮ್ಮೆ ತೊಳೆದಳು. ಮೇಲೆ ಬೇವಿನ ಎಲೆ ಕೊಳೆತ ಕಪ್ಪು ಗೊಬ್ಬರ ಹರಡಿದಳು. ಮೂರನೆಯ ವಾರ ನೀಲಿ ಕಾಗದವನ್ನೂ ಕೆಂಪು ಕಾಗದವನ್ನೂ ಅದ್ದಿದೆ. ಎರಡೂ ಬಣ್ಣ ಬದಲಿಸದೆ ಹಾಗೇ ಉಳಿದವು. ನಾನು ಆ ಎರಡು ತುಂಡುಗಳನ್ನು ಓಣಿಯ ಪ್ರತಿ ಮನೆಗೂ ಒಯ್ದು ತೋರಿಸಿ ಬಂದೆ. ಈ ಸಲ ಮದ್ದು ಹೇಳಲಿಲ್ಲ.

ಹಾಳಾದ ಎಲೆಗಳು ಹಸಿರಾಗಲಿಲ್ಲ, ಉದುರಿದವು. ಹೊಸ ಚಿಗುರು ಹಸಿರಾಗಿ ಬಂತು. ಆದರೆ ಒಂದು ತಿಂಗಳ ಬೆಳವಣಿಗೆ ಕೈತಪ್ಪಿತ್ತು, ಗಿಡ ಮೊಣಕಾಲೆತ್ತರಕ್ಕೇ ನಿಂತು ಹೂವಿಗೆ ಬಂತು. ಎಣ್ಣೆ ಮುಗಿದ ಮೇಲಿನ ಎರಡೂವರೆ ತಿಂಗಳು ಕಾಶವ್ವ ಯಾವ ಮದ್ದೂ ಇಲ್ಲದೆ ಕಳೆದಳು. ಓಣಿಯ ಹೆಂಗಸರು ಪಾಳಿಯಂತೆ ಬಂದು ಅವಳ ಹತ್ತಿರ ಕೂರುತ್ತಿದ್ದರು. ಏನು ಮಾಡುತ್ತಿದ್ದರು ಎಂದರೆ ಏನೂ ಇಲ್ಲ. ತಿಪ್ಪವ್ವ ಹೂ ಕಟ್ಟುತ್ತಿದ್ದಳು, ಮಾಸ್ತರರು ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡು ಪೇಪರು ಓದುತ್ತಿದ್ದರು. ಸುಮ್ಮನೆ ಕೂರುವುದೂ ಒಂದು ಮದ್ದು ಎಂದು ಮೂವತ್ತೊಂದು ವರ್ಷ ದವಾಖಾನೆಯಲ್ಲಿ ನನಗೆ ಯಾರೂ ಹೇಳಿರಲಿಲ್ಲ.

ಕಾರ್ತಿಕದಲ್ಲಿ ಮಾಬೂಬಿ ಹೂವು ಕೊಯ್ದಳು. ಒಂದು ಬೊಗಸೆಯೂ ತುಂಬಲಿಲ್ಲ. ಕಾಸಿದಾಗ ಸಿಕ್ಕಿದ್ದು ಅರ್ಧ ಬಾಟಲಿ ಎಣ್ಣೆ. ಅದು ಹಿಡಿಯುತ್ತದೋ ಇಲ್ಲವೋ ಎಂದು ಯಾರಿಗೂ ಗೊತ್ತಿರಲಿಲ್ಲ. ಹುಳಿಯನ್ನೂ ಸವಳನ್ನೂ ಕಂಡ ಗಿಡ ಅದು. ಅಂದು ಮಧ್ಯಾಹ್ನ ಊಟವಾದ ಮೇಲೆ ಮಾಬೂಬಿ ಬಂದು ಕಾಶವ್ವನ ಪಕ್ಕೆಗೆ ಎಣ್ಣೆ ಹಚ್ಚಿ, ಕೈ ಒರೆಸಿಕೊಂಡು ಭಟ್ಟಿಗೆ ಹೋದಳು. ನಾನು ಗೋಡೆಗೆ ಒರಗಿ ಕೂತೆ. ಕಾಶವ್ವ ಸ್ವಲ್ಪ ಹೊತ್ತು ಕೂತೇ ಇದ್ದಳು. ಆಮೇಲೆ ಮೆಲ್ಲಗೆ ಅಡ್ಡಾದಳು, ಅಂಗಾತ. ಹತ್ತು ನಿಮಿಷ ಕಳೆದಿರಬೇಕು, ಎಡಕ್ಕೆ ಹೊರಳಿದಳು. ಎಂಟು ತಿಂಗಳಿನಿಂದ ಅವಳು ಬಲ ಮಗ್ಗುಲಲ್ಲೇ, ನನಗೆ ಬೆನ್ನು ಮಾಡಿ ಮಲಗುತ್ತಿದ್ದಳು. ಈಗ ಮುಖ ನನ್ನ ಕಡೆಗಿತ್ತು. ಕಣ್ಣು ಮುಚ್ಚಿತ್ತು, ಹುಬ್ಬಿನ ಗಂಟು ಬಿಚ್ಚಿತ್ತು. ಪಕ್ಕೆಯ ಭಾರವೆಲ್ಲ ಚಾಪೆಯ ಮೇಲೆ ಬಿಟ್ಟು ಅವಳು ನಿದ್ದೆ ಹೋಗಿದ್ದಳು.

ಚಪ್ಪಲಿ ಮೆಟ್ಟದೆ ಓಣಿ ದಾಟಿ ಓಡಿದೆ. ಮಾಬೂಬಿ ಸೌಟಿನಿಂದ ಉಸುಕು ತಿರುವುತ್ತಿದ್ದಳು, ಬಾಣಲೆಯಲ್ಲಿ ಅಕ್ಕಿ ಚಟಪಟ ಅರಳುತ್ತಿತ್ತು.

“ಎಡ ಮಗ್ಗಲಾಗಿ ಮಲಗ್ಯಾಳ,” ಎಂದೆ. “ನಿದ್ದಿ ಹತ್ತೈತಿ. ನಿನ್ನ ಉಪಕಾರ ನಾ ಎಂದೂ ಮರಿಯಾಂಗಿಲ್ಲ, ಮಾಬೂಬಿ.”

ಅವಳು ಬಾಣಲೆಯನ್ನು ಇಳಿಸಿದಳು. ಉರಿಯುತ್ತಿದ್ದ ಕಟ್ಟಿಗೆಯನ್ನು ಹೊರಗೆಳೆದು ನೀರು ಚಿಮುಕಿಸಿದಳು. ಅರ್ಧ ಅರಳಿದ, ಅರ್ಧ ಅರಳದ ಅಕ್ಕಿ ಉಸುಕಿನಲ್ಲೇ ಉಳಿಯಿತು. ಆ ಬಾಣಲೆಯಷ್ಟು ಅಕ್ಕಿ ಇನ್ನು ಯಾವುದಕ್ಕೂ ಬಾರದು.

“ಯಾಕ ಆರಿಸಿದಿ?” ಎಂದೆ.

“ಸದ್ದ ಆಕ್ಕೈತಿ,” ಎಂದಳು ಪಿಸುದನಿಯಲ್ಲಿ. “ಅಕಿ ಏಳೂ ಮಟ ಇಲ್ಲೇ ಕುಂಡ್ರೂಣು.”

ಭಟ್ಟಿಯ ಮೆಟ್ಟಿಲ ಮೇಲೆ ನಾವಿಬ್ಬರೂ ಕೂತೆವು. ಓಣಿಯಲ್ಲಿ ತಿಪ್ಪವ್ವ ಹೂವು ಕೂಗುತ್ತ ಬಂದಳು. ಮಾಬೂಬಿ ತುಟಿಯ ಮೇಲೆ ಬೆರಳಿಟ್ಟಳು. ತಿಪ್ಪವ್ವ ಬುಟ್ಟಿ ಇಳಿಸಿ ನಮ್ಮ ಪಕ್ಕದಲ್ಲಿ ಕೂತಳು.